ತಂಡದ ಇಆರ್‌ಎ ಚೆನ್ನಾಗಿದೆ, ಸ್ಟ್ಯಾಂಡಿಂಗ್ಸಿನಲ್ಲಿ ಮಾತ್ರ ಆರನೇ ಜಾಗ: ಯಾಕೆ?

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಒಹಾಯೋದಲ್ಲಿದ್ದೇವೆ. ಮಗ ಇಲ್ಲಿನ ಒಂದು ಸಣ್ಣ ಡಿವಿಷನ್ ತ್ರೀ (ಕಾಲೇಜು ಕ್ರೀಡೆಯ ಮೂರನೇ ವಿಭಾಗ) ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ನಮ್ಮ ಬೌಲರ್ ಥರ ಬಾಲ್ ಎಸೆಯುವವನು. ಅವರ ತಂಡದ ಇಆರ್‌ಎ (ಒಂಬತ್ತು ಇನಿಂಗ್ಸಿಗೆ ಪಿಚರ್ ಲೆಕ್ಕಕ್ಕೆ ಬೀಳುವ ರನ್ನಿನ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು) ಕಾನ್ಫರೆನ್ಸಿನಲ್ಲಿ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪಿನಲ್ಲಿ, ಎರಡನೇದು. ಸ್ಟ್ಯಾಂಡಿಂಗ್ಸ್, ಅಂದರೆ ಗೆಲುವು ಸೋಲಿನ ಪಟ್ಟಿ ನೋಡಿದರೆ ಆರನೇದು. ಇದು ಹೇಗೆ ಸಾಧ್ಯ? ಮಗನ ಇಆರ್‌ಎ 5.60 ಇದೆ, ಹಾಗಿದ್ದರೂ ಕೋಚ್ ಶನಿವಾರ ಅವನಿಗೇ ಬಾಲ್ ಕೊಡುತ್ತಾರೆ. ಅವನು ಚೆನ್ನಾಗಿ ಆಡುತ್ತಿದ್ದಾನಾ, ಇಲ್ವಾ? ಇನ್ನೆರಡು ವೀಕೆಂಡ್ ಉಳಿದಿದೆ, ಮೊದಲ ನಾಲ್ಕು ತಂಡಕ್ಕೆ ಮಾತ್ರ ಟೂರ್ನಮೆಂಟಿನಲ್ಲಿ ಜಾಗ. ಆಸೆ ಇಟ್ಟುಕೊಳ್ಳಬಹುದಾ? ಕ್ರಿಕೆಟ್ ನೋಡಿ ಬೆಳೆದವಳು ನಾನು, ಅರ್ಥವಾಗುವ ಹಾಗೆ ಹೇಳಿ. ಅಂಕಿಗಳ ಹಾಳೆ ಕಳಿಸಿದ್ದೇನೆ.

ಉತ್ತರ: ಮೇಡಂ, ಹಾಳೆ ಪೂರ್ತಿ ನೋಡಿದೆ. ಮೊದಲು ಮಗನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ನೀವು ನಿಶ್ಚಿಂತೆಯಿಂದ ಉಳಿದದ್ದನ್ನು ಓದಬಹುದು. ಅವನು ಚೆನ್ನಾಗಿ ಆಡುತ್ತಿದ್ದಾನೆ. ಕೋಚ್ ಅವನಿಗೆ ಬಾಲ್ ಕೊಡುತ್ತಿರುವುದು ಸರಿಯಾಗಿಯೇ ಇದೆ. ಯಾಕೆ ಅಂತ ಮುಂದೆ ನಿಮ್ಮ ಹಾಳೆಯ ಲೆಕ್ಕದಲ್ಲೇ ತೋರಿಸುತ್ತೇನೆ.

ಈಗ ತಂಡದ ವಿಷಯ. ಇಆರ್‌ಎ ಮತ್ತು ಸ್ಟ್ಯಾಂಡಿಂಗ್ಸ್ ಎರಡೂ ಬೇರೆ ಬೇರೆ ಪಂದ್ಯಗಳ ಲೆಕ್ಕ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಡಿವಿಷನ್ ತ್ರೀ ತಂಡ ಒಂದು ಸೀಸನ್ನಿನಲ್ಲಿ ಹೆಚ್ಚೆಂದರೆ 40 ಪಂದ್ಯ ಆಡಬಹುದು, ಕೊನೆಯ ಟೂರ್ನಮೆಂಟುಗಳನ್ನು ಬಿಟ್ಟು. ಸ್ಟ್ಯಾಂಡಿಂಗ್ಸಿಗೆ ಹೋಗುವುದು ಅದರಲ್ಲಿ ಕಾನ್ಫರೆನ್ಸ್ ಒಳಗಿನ ಪಂದ್ಯಗಳು ಮಾತ್ರ. ನ್ಯೂ ಇಂಗ್ಲೆಂಡಿನ ನೆಸ್ಕ್ಯಾಕ್ ಕಾನ್ಫರೆನ್ಸನ್ನೇ ತೆಗೆದುಕೊಳ್ಳಿ. ಹನ್ನೊಂದು ಕಾಲೇಜು, ಬೇಸ್‌ಬಾಲ್ ಆಡುವುದು ಹತ್ತು. ಬಹಳ ವರ್ಷ ಅಲ್ಲಿ ಐದೈದು ತಂಡದ ಎರಡು ಗುಂಪು, ಗುಂಪಿನ ಒಬ್ಬೊಬ್ಬರ ಜೊತೆ ಮೂರು ಪಂದ್ಯ. ಅಂದರೆ ಗುಂಪಿನ ಸ್ಥಾನ ನಿರ್ಧಾರವಾಗುತ್ತಿದ್ದದ್ದು ಬರೀ 12 ಪಂದ್ಯದಲ್ಲಿ. ಉಳಿದ ಇಪ್ಪತ್ತು ಚಿಲ್ಲರೆ ಪಂದ್ಯಗಳ ರನ್ನು, ವಿಕೆಟ್ಟು ಅನ್ನುತ್ತೀವಲ್ಲ, ಆ ಥರದ ಅಂಕಿಗಳೆಲ್ಲ ಇಆರ್‌ಎ ಒಳಗೆ ಸೇರುತ್ತವೆ, ಸ್ಟ್ಯಾಂಡಿಂಗ್ಸನ್ನು ಮುಟ್ಟುವುದೂ ಇಲ್ಲ.

ಆ ಉಳಿದ ಪಂದ್ಯಗಳು ಎಂಥವು? ಮಾರ್ಚಿನಲ್ಲಿ ಒಹಾಯೋ, ಮ್ಯಾಸಚೂಸೆಟ್ಸ್, ವಿಸ್ಕಾನ್ಸಿನ್ ಕಡೆ ಮೈದಾನದ ಮೇಲೆ ಇನ್ನೂ ಹಿಮ. ತಂಡಗಳು ರಜೆಯಲ್ಲಿ ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋಗಿ, ಒಂದು ವಾರದಲ್ಲಿ ಎಂಟು ಹತ್ತು ಪಂದ್ಯ ಮುಗಿಸಿಕೊಂಡು ಬರುತ್ತವೆ. ಅಲ್ಲಿ ಕೋಚ್ ಎಲ್ಲರನ್ನೂ ಪರೀಕ್ಷೆ ಮಾಡುತ್ತಾರೆ. ಹೊಸ ಹುಡುಗನಿಗೆ ಎರಡು ಇನಿಂಗ್ಸ್, ಗಾಯದಿಂದ ಎದ್ದು ಬಂದವನಿಗೆ ಒಂದು. ಎದುರು ತಂಡವೂ ಹಾಗೇ. ಎದುರಾಳಿ ಬಲವಿಲ್ಲದ್ದಾದರೆ ಇಡೀ ತಂಡದ ಇಆರ್‌ಎ ಸುಮ್ನೆ ಇಳಿದುಬಿಡುತ್ತದೆ. ವಾರದ ಮಧ್ಯೆ ಮಂಗಳವಾರ, ಬುಧವಾರ ಪಕ್ಕದ ಊರಿನ ಕಾಲೇಜಿನ ಜೊತೆ ಆಡುವ ಪಂದ್ಯಗಳದ್ದೂ ಇದೇ ಕತೆ. ಆದ್ದರಿಂದ ಕಾನ್ಫರೆನ್ಸಿನ ಅಂಕಿಗಳ ಪುಟದಲ್ಲಿ ‘ಓವರಾಲ್’ ಅಂತ ಒಂದು, ‘ಕಾನ್ಫರೆನ್ಸ್ ಓನ್ಲಿ’ ಅಂತ ಇನ್ನೊಂದು ಇದ್ದರೆ, ಎರಡನೆಯದನ್ನು ತೆರೆಯಿರಿ. ನೀವು ಕಳಿಸಿದ್ದು ಓವರಾಲ್ ಹಾಳೆ.

ಆದರೆ ಕಾನ್ಫರೆನ್ಸ್ ಪಂದ್ಯಗಳನ್ನಷ್ಟೇ ಹಿಡಿದರೂ ಇಆರ್‌ಎ ಮತ್ತು ಸ್ಥಾನ ಹೊಂದದೆ ಇರಬಹುದು. ಒಂದು ವೀಕೆಂಡ್ ಊಹಿಸಿಕೊಳ್ಳಿ. ಮೊದಲ ಪಂದ್ಯ 11–1ರಲ್ಲಿ ಗೆದ್ದರು. ಎರಡನೇದು 3–4ರಲ್ಲಿ, ಮೂರನೇದು 2–3ರಲ್ಲಿ ಸೋತರು. ಹೊಡೆದ ರನ್ 16, ಕೊಟ್ಟದ್ದು 8. ಬೇಸ್‌ಬಾಲ್ ಅಂಕಿಗಳ ವಿಶ್ಲೇಷಕ ಬಿಲ್ ಜೇಮ್ಸ್ ಹೇಳಿಕೊಟ್ಟ ಒಂದು ಸೂತ್ರವಿದೆ, ಹೊಡೆದ ರನ್ನಿನ ವರ್ಗವನ್ನು ಎರಡೂ ವರ್ಗಗಳ ಮೊತ್ತದಿಂದ ಭಾಗಿಸುವುದು. ಇಲ್ಲಿ 256ನ್ನು 320ರಿಂದ ಭಾಗಿಸಿದರೆ 0.8 ಬರುತ್ತದೆ. ರನ್ ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ಗೆಲ್ಲಬೇಕಾದ ತಂಡ ಮೂರರಲ್ಲಿ ಒಂದು ಗೆದ್ದು ಮನೆಗೆ ಬಂತು. 162 ಪಂದ್ಯ ಆಡುವ ಮೇಜರ್ ಲೀಗಿನಲ್ಲಿ, ಅಂದರೆ ವೃತ್ತಿಪರರ ಅತಿ ಮೇಲಿನ ಲೀಗಿನಲ್ಲಿ, ಇಂಥದ್ದು ಬಹುಮಟ್ಟಿಗೆ ಸರಿಹೋಗುತ್ತದೆ. 12 ಅಥವಾ 18 ಪಂದ್ಯದಲ್ಲಿ ಸರಿಹೋಗುವುದಕ್ಕೆ ಸಮಯವೇ ಇರುವುದಿಲ್ಲ.

ಇನ್ನೊಂದು ಕಾರಣ ಫೀಲ್ಡಿಂಗ್. ಫೀಲ್ಡರ್ ತಪ್ಪಿನಿಂದ ಬಂದ ರನ್ ಪಿಚರ್ ಲೆಕ್ಕಕ್ಕೆ ಬೀಳುವುದಿಲ್ಲ, ಇಆರ್‌ಎಯಲ್ಲಿ ಕಾಣುವುದಿಲ್ಲ. ಎರಡು ಔಟ್ ಆಗಿದೆ, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್) ಕೈಗೆ ಸುಲಭದ ಬಾಲ್ ಬಂತು, ಜಾರಿತು. ಮೂರು ಔಟಿಗೆ ಇನಿಂಗ್ಸ್ ಮುಗಿಯುವುದರಿಂದ ಅಲ್ಲಿಗೇ ಮುಗಿಯಬೇಕಿತ್ತು. ಆಮೇಲೆ ಅದೇ ಪಿಚರ್ ನಾಲ್ಕು ರನ್ ಕೊಡಲಿ, ಒಂದು ಹೋಮ್ ರನ್ನೇ ಹೊಡೆಸಿಕೊಳ್ಳಲಿ, ಯಾವುದೂ ಅವನ ಇಆರ್‌ಎಗೆ ಸೇರುವುದಿಲ್ಲ. ಸ್ಕೋರ್‌ಬೋರ್ಡಿಗೆ ಮಾತ್ರ ನಾಲ್ಕೂ ಸೇರುತ್ತವೆ. ಸಣ್ಣ ಕಾಲೇಜುಗಳಲ್ಲಿ ಇಂಥ ತಪ್ಪುಗಳು ದೊಡ್ಡ ಕಾಲೇಜುಗಳಿಗಿಂತ ಜಾಸ್ತಿ, ಏಪ್ರಿಲ್ ಚಳಿಯಲ್ಲಂತೂ ಬೆರಳು ಮರಗಟ್ಟಿರುತ್ತವೆ. ನಿಮ್ಮ ಹಾಳೆಯಲ್ಲಿ ‘ಆರ್’ (ಕೊಟ್ಟ ಎಲ್ಲ ರನ್) ಕಾಲಂ ಮತ್ತು ‘ಇಆರ್’ (ಪಿಚರ್ ಲೆಕ್ಕಕ್ಕೆ ಬಿದ್ದ ರನ್) ಕಾಲಂ ಅಕ್ಕಪಕ್ಕ ಇವೆ. ಎರಡರ ನಡುವಿನ ಅಂತರ ನಿಮ್ಮ ತಂಡದಲ್ಲಿ ದೊಡ್ಡದಾಗಿಯೇ ಇದೆ. ಎರಡನೇ ಸ್ಥಾನದ ಇಆರ್‌ಎ ಆರನೇ ಸ್ಥಾನಕ್ಕೆ ಜಾರಿದ್ದರಲ್ಲಿ ಇದರ ಪಾಲು ಖಂಡಿತ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಮುಖ್ಯ ಅನ್ನಿಸುವುದು ಬೇರೆ. ಸಣ್ಣ ಕಾಲೇಜಿನಲ್ಲಿ ಸ್ಥಾನ ನಿರ್ಧರಿಸುವವನು ತಂಡದ ಅತ್ಯುತ್ತಮ ಪಿಚರ್ ಅಲ್ಲ. ಮೂರನೇ ಪಿಚರ್. ಅವನ ಹಿಂದೆ ಬರುವ ನಾಲ್ಕನೆಯವನು, ಐದನೆಯವನು.

ಬೌಲರ್ ಆದರೆ ಇವತ್ತು ಇಪ್ಪತ್ತು ಓವರ್ ಹಾಕಿ ನಾಳೆ ಬೆಳಿಗ್ಗೆ ಮತ್ತೆ ಹಾಕುತ್ತಾನೆ. ಪಿಚರ್ ಹಾಗಲ್ಲ. ತೊಂಬತ್ತು ನೂರು ಪಿಚ್ ಪೂರ್ತಿ ಬಲ ಹಾಕಿ ಎಸೆದರೆ ಮುಂದಿನ ವಾರದವರೆಗೆ ಆ ತೋಳಿಗೆ ವಿಶ್ರಾಂತಿ ಬೇಕು. ಶುಕ್ರವಾರ ಒಂದು ಪಂದ್ಯ, ಶನಿವಾರ ಡಬಲ್‌ಹೆಡರ್, ಅಂದರೆ ಬೆನ್ನು ಬೆನ್ನಿಗೆ ಎರಡು. ಬಹಳ ಕಡೆ ವೀಕೆಂಡ್ ಹೀಗೇ ಇರುತ್ತದೆ. ಮೂರೂ ಒಂಬತ್ತು ಇನಿಂಗ್ಸಿನವಾದರೆ 27 ಇನಿಂಗ್ಸ್. ಕೆಲವು ಕಾನ್ಫರೆನ್ಸುಗಳಲ್ಲಿ ಡಬಲ್‌ಹೆಡರಿನ ಒಂದು ಪಂದ್ಯವನ್ನು ಏಳಕ್ಕೆ ನಿಲ್ಲಿಸುತ್ತಾರೆ, ಆಗ 25. ಏಸ್, ಅಂದರೆ ತಂಡದ ಅತ್ಯುತ್ತಮ ಪಿಚರ್, ಶುಕ್ರವಾರ ಏಳು ಇನಿಂಗ್ಸ್ ಹಾಕಿದ ಅಂತಿಟ್ಟುಕೊಳ್ಳಿ. ಎರಡನೆಯವನು ಶನಿವಾರ ಮಧ್ಯಾಹ್ನ ಆರು ಹಾಕಿದ. ಹದಿಮೂರಾಯಿತು. ಇನ್ನು ಹನ್ನೆರಡರಿಂದ ಹದಿನಾಲ್ಕು ಇನಿಂಗ್ಸ್ ಬಾಕಿ! ವಾರದ ಅರ್ಧ ಕೆಲಸ ಏಸ್ ಅಲ್ಲದವರ, ಎರಡನೆಯವನೂ ಅಲ್ಲದವರ ಕೈಯಲ್ಲಿದೆ. ಪಂದ್ಯಗಳ ಲೆಕ್ಕದಲ್ಲಿ ನೋಡಿದರೂ ಅಷ್ಟೇ, 12 ಪಂದ್ಯದ ಪಟ್ಟಿಯಲ್ಲಿ ನಾಲ್ಕು ಪಂದ್ಯ ಶುರು ಮಾಡುವವನು ಮೂರನೇ ಪಿಚರ್. ಅವನು ಎರಡನೇ ಇನಿಂಗ್ಸಿನಲ್ಲೇ ಕುಸಿದರೆ ಬುಲ್‌ಪೆನ್ನಿನಲ್ಲಿ, ಅಂದರೆ ಮಧ್ಯೆ ಬದಲಿಗೆ ಇಳಿಯುವ ಪಿಚರ್‌ಗಳ ಸಾಲಿನಲ್ಲಿ, ಉಳಿದವರು ಆರೇಳು ಇನಿಂಗ್ಸ್ ಹೊರಬೇಕು, ಅವರಲ್ಲಿ ಇಬ್ಬರು ಮೊದಲ ಪಂದ್ಯದಲ್ಲೇ ಎಸೆದು ದಣಿದಿರುತ್ತಾರೆ. ಡಬಲ್‌ಹೆಡರಿನ ಎರಡನೇ ಪಂದ್ಯ ಸಂಜೆ ಐದೂವರೆ ದಾಟಿದಾಗ ಥರ್ಡ್ ಬೇಸ್ ಆಡುತ್ತಿದ್ದ ಹುಡುಗ ಗ್ಲೌ ಬದಲಾಯಿಸಿಕೊಂಡು ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಹತ್ತುವುದನ್ನು ನೀವೇ ನೋಡಿರುತ್ತೀರಿ. ಅವನು ಎಸೆದ ಮೊದಲ ನಾಲ್ಕು ಪಿಚ್ ‘ಬಾಲ್’ ಆಗಿ, ಅಂದರೆ ಹೊಡೆಯುವ ವಲಯದ ಹೊರಗೆ ಹೋಗಿ, ಬ್ಯಾಟರ್ ನಿಧಾನಕ್ಕೆ ಮೊದಲ ಬೇಸಿಗೆ ನಡೆದು ಹೋದರೆ, ಆ ವೀಕೆಂಡಿನ ಸರಣಿ ಅಲ್ಲಿ ಜಾರಿತು ಅಂತಲೇ ಲೆಕ್ಕ.

ದೊಡ್ಡ ಕಾಲೇಜುಗಳಿಗೆ ಈ ಕಷ್ಟ ಇಷ್ಟಿಲ್ಲ, ಅವರು ಸ್ಕಾಲರ್‌ಶಿಪ್ ಕೊಟ್ಟು ಒಳ್ಳೆಯ ತೋಳುಗಳನ್ನು ತರಬಹುದು. ಡಿವಿಷನ್ ತ್ರೀಯಲ್ಲಿ ಕ್ರೀಡೆಗಾಗಿ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ತೊಂಬತ್ತು ಮೈಲಿ ವೇಗದಲ್ಲಿ ಎಸೆಯುವ ಹುಡುಗನನ್ನು ಮೊದಲೇ ಬೇರೆಯವರು ಕರೆದುಕೊಂಡು ಹೋಗಿರುತ್ತಾರೆ. ಒಬ್ಬ ಒಳ್ಳೆಯವನು ಸಿಗಬಹುದು, ಅದೃಷ್ಟವಿದ್ದರೆ ಇಬ್ಬರು. ಐದು ಜನ ನಂಬಿಕಸ್ಥರು ಸಿಗುವುದು ಅಪರೂಪ, ಸಿಕ್ಕ ತಂಡ ಮೇಲೆ ಹೋಗುತ್ತದೆ.

ಇದಕ್ಕೆ ನಿಮ್ಮ ಒಹಾಯೋದಲ್ಲೇ ಸಾಕ್ಷಿ ಇದೆ. ಮರಿಯೆಟ್ಟಾ ಕಾಲೇಜ್ ಹೆಸರು ಕೇಳಿರುತ್ತೀರಿ. ಡಿವಿಷನ್ ತ್ರೀ ಬೇಸ್‌ಬಾಲಿನಲ್ಲಿ ಆರು ಸಲ ರಾಷ್ಟ್ರೀಯ ಚಾಂಪಿಯನ್: 1981, 1983, 1986, 2006, 2011, 2012. ಅಲ್ಲಿ ಆಡಿದ ಪಿಚರ್ ಮ್ಯಾಟ್ ಡಿಸಾಲ್ವೋ ಕಾಲೇಜು ಬೇಸ್‌ಬಾಲಿನಲ್ಲಿ 53 ಗೆಲುವು, 603 ಸ್ಟ್ರೈಕ್‌ಔಟ್‌ಗಳ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್) ದಾಖಲೆ ಮಾಡಿದರು. 2003ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಸಂಸ್ಥೆ ಸೇರಿ, 2007ರಲ್ಲಿ ಮೇಜರ್ ಲೀಗಿನಲ್ಲೂ ಆಡಿದರು. ಮೇಲಿನ ಆರು ವರ್ಷಗಳನ್ನು ಇನ್ನೊಮ್ಮೆ ನೋಡಿ. ಅವರು ಆಡಿದ ಕಾಲದ ಒಂದು ವರ್ಷವೂ ಅದರಲ್ಲಿಲ್ಲ. ಅಂಥ ತೋಳು ತಂಡದಲ್ಲಿದ್ದಾಗ ಸಿಗದ ಕಪ್, ಅವರು ಹೋದ ಮೇಲೆ ಮೂರು ಸಲ ಸಿಕ್ಕಿತು.

ಬಿಲ್ಲಿ ವಾಗ್ನರ್ ಇನ್ನೂ ದೊಡ್ಡ ಉದಾಹರಣೆ. ವರ್ಜೀನಿಯಾದ ಫೆರಮ್ ಕಾಲೇಜು, ಆಗ ಇದೂ ಡಿವಿಷನ್ ತ್ರೀ. ಚಿಕ್ಕಂದಿನಲ್ಲಿ ಬಲಗೈ ಮುರಿದುಕೊಂಡು ಎಡಗೈಯಲ್ಲಿ ಎಸೆಯಲು ಕಲಿತವರು. 1992ರಲ್ಲಿ 51 ಇನಿಂಗ್ಸ್ ಮತ್ತು ಒಂದು ಔಟಿನಷ್ಟು ಎಸೆದು 109 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು, ಒಂಬತ್ತು ಇನಿಂಗ್ಸಿಗೆ 19.1. ಇಡೀ ಸೀಸನ್ನಿನಲ್ಲಿ ಅವರ ಎದುರು ಬಿದ್ದ ಹಿಟ್ (ಬ್ಯಾಟರ್ ಬಾಲ್ ಹೊಡೆದು ಬೇಸ್ ತಲುಪುವುದು) ಬರೀ ಒಂಬತ್ತು! 2025ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು. ಅಷ್ಟಾದರೂ 51 ಇನಿಂಗ್ಸ್ ಅಂದರೆ ಒಂಬತ್ತರ ಲೆಕ್ಕದಲ್ಲಿ ಆರು ಪಂದ್ಯಕ್ಕೂ ಕಡಿಮೆ. ಉಳಿದ ಪಂದ್ಯಗಳನ್ನು ಬೇರೆ ಯಾರೋ ಎಸೆಯಲೇಬೇಕು, ಅಲ್ವಾ? ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಫೆರಮ್ ಆಗಿರಲಿಲ್ಲ. ಇದರ ಇನ್ನೊಂದು ತುದಿ ನೋಡಬೇಕಾದರೆ ಕನೆಟಿಕಟ್‌ನ ಟ್ರಿನಿಟಿ ಕಾಲೇಜಿನ 2008ರ ತಂಡವನ್ನು ನೋಡಿ. 45 ಗೆಲುವು, ಒಂದು ಸೋಲು, ರಾಷ್ಟ್ರೀಯ ಪ್ರಶಸ್ತಿ. ಒಂದಿಬ್ಬರ ತೋಳಿನಿಂದ ಆಗುವ ಕೆಲಸ ಅಲ್ಲ ಅದು.

ಈಗ ನಿಮ್ಮ ಮಗನ ಸಾಲಿಗೆ ಬರೋಣ. ಹಾಳೆಯಲ್ಲಿ 27.1 ಇನಿಂಗ್ಸ್ ಅಂತಿದೆ. ಇದು ದಶಮಾಂಶ ಅಲ್ಲ, 27 ಇನಿಂಗ್ಸ್ ಮತ್ತು ಒಂದು ಔಟ್, ಅಂದರೆ ಇನ್ನೊಂದು ಇನಿಂಗ್ಸಿನ ಮೂರನೇ ಒಂದು ಭಾಗ. ನಮ್ಮಲ್ಲಿ 5.2 ಓವರ್ ಅಂದರೆ ಐದು ಓವರ್, ಎರಡು ಬಾಲ್ ಅನ್ನುವ ಹಾಗೆ. ಅವನ ಲೆಕ್ಕಕ್ಕೆ ಬಿದ್ದ ರನ್ 17. ಹದಿನೇಳನ್ನು ಒಂಬತ್ತರಿಂದ ಗುಣಿಸಿ 27.33ರಿಂದ ಭಾಗಿಸಿದರೆ 5.60. ಸರಿ. ಈಗ ಅದೇ ಪುಟದ ಕೆಳಗೆ, ಪಂದ್ಯದಿಂದ ಪಂದ್ಯಕ್ಕೆ ಕೊಟ್ಟಿರುವ ಪಟ್ಟಿಯಲ್ಲಿ ಮಾರ್ಚಿನ ಫ್ಲಾರಿಡಾ ಪಂದ್ಯ ನೋಡಿ. 0.1 ಇನಿಂಗ್ಸ್, ಆರು ರನ್. ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಆರು ಹೋಯಿತು. ಕೆಟ್ಟ ದಿನ, ಯಾವ ಪಿಚರಿಗೂ ಬರುತ್ತದೆ. ಅದೊಂದನ್ನು ಪಕ್ಕಕ್ಕಿಟ್ಟರೆ ಉಳಿಯುವುದು 27 ಇನಿಂಗ್ಸ್, 11 ರನ್, ಇಆರ್‌ಎ 3.67. ಒಂದೇ ಒಂದು ಔಟಿನ ಪಂದ್ಯ ಹೆಚ್ಚುಕಡಿಮೆ ಎರಡು ರನ್ನಿನಷ್ಟು ಸರಾಸರಿಯನ್ನು ಮೇಲೆತ್ತಿದೆ. ಅದು ಕಾನ್ಫರೆನ್ಸ್ ಪಂದ್ಯವೂ ಅಲ್ಲ, ಸ್ಟ್ಯಾಂಡಿಂಗ್ಸಿಗೆ ಅದರಿಂದ ಏನೂ ಆಗಿಲ್ಲ. ಕಾನ್ಫರೆನ್ಸಿನ ನಾಲ್ಕು ಪಂದ್ಯಗಳನ್ನಷ್ಟೇ ಕೂಡಿಸಿದೆ: 22 ಇನಿಂಗ್ಸ್, ಎಂಟು ರನ್, 3.27. ಡಿವಿಷನ್ ತ್ರೀಯಲ್ಲಿ ಇಡೀ ತಂಡದ ಇಆರ್‌ಎ ಐದು, ಐದೂವರೆ ಇರುವುದು ಸಾಮಾನ್ಯ. ಮೇಜರ್ ಲೀಗಿನ ಸರಾಸರಿ ಈಚಿನ ವರ್ಷಗಳಲ್ಲಿ ನಾಲ್ಕರ ಆಸುಪಾಸು. ಟಿವಿಯಲ್ಲಿ ಅದನ್ನು ನೋಡಿ ಇಲ್ಲಿನ ಹುಡುಗರನ್ನು ಅಳೆಯಬೇಡಿ. 3.27 ಅಂದರೆ ಇಲ್ಲಿ ಬಹಳ ಒಳ್ಳೆಯ ಸಂಖ್ಯೆ.

ಆದರೆ ನಾನು ಕೋಚ್ ಜಾಗದಲ್ಲಿದ್ದರೆ ಇಆರ್‌ಎಗಿಂತ ಮೊದಲು ನೋಡುವುದು ಬೇರೆ ಎರಡು ಕಾಲಂ. ಒಂದು, ವಾಕ್, ಅಂದರೆ ನಾಲ್ಕು ‘ಬಾಲ್’ ಆಗಿ ಬ್ಯಾಟರ್ ಪುಕ್ಕಟೆ ಮೊದಲ ಬೇಸಿಗೆ ಹೋಗುವುದು. 27.1 ಇನಿಂಗ್ಸಿನಲ್ಲಿ ಒಂಬತ್ತು ವಾಕ್, ಒಂಬತ್ತು ಇನಿಂಗ್ಸಿಗೆ ಸುಮಾರು ಮೂರು. ಈ ಮಟ್ಟದಲ್ಲಿ ಇದು ದೊಡ್ಡ ವಿಷಯ ಮೇಡಂ, ಯಾಕೆಂದರೆ ಸಣ್ಣ ಕಾಲೇಜಿನಲ್ಲಿ ದೊಡ್ಡ ಇನಿಂಗ್ಸ್ ಹುಟ್ಟುವುದೇ ವಾಕಿನಿಂದ. ಪುಕ್ಕಟೆ ಒಂದು ಬೇಸ್ ಕೊಟ್ಟಿರಿ, ಅವನು ಎರಡನೇದನ್ನು ಕದ್ದ, ಕ್ಯಾಚರ್ ಕೈತಪ್ಪಿದ ಬಾಲಿಗೆ ಮೂರನೇದಕ್ಕೆ ಓಡಿದ, ಆಮೇಲೆ ಒಂದು ಸಾಧಾರಣ ಗ್ರೌಂಡ್ ಬಾಲ್ ಸಾಕು, ಒಂದೂ ಹಿಟ್ ಇಲ್ಲದೆ ರನ್ ಬಂತು. ಹಿಟ್ ಆಗುವುದು ಬಿಡುವುದು ಫೀಲ್ಡರುಗಳ ಮೇಲೆ, ಮೈದಾನದ ಮೇಲೆ, ಗಾಳಿಯ ಮೇಲೆಲ್ಲ ನಿಂತಿದೆ. ವಾಕ್ ಮತ್ತು ಸ್ಟ್ರೈಕ್‌ಔಟ್ ಬಹುಪಾಲು ಪಿಚರನ ಸ್ವಂತ ಕೆಲಸ. ನಿಮ್ಮ ಮಗ ಒಂಬತ್ತು ವಾಕ್ ಕೊಟ್ಟು 26 ಸ್ಟ್ರೈಕ್‌ಔಟ್ ಮಾಡಿದ್ದಾನೆ. ಮುಂದಿನ ವರ್ಷವೂ ನಂಬಬಹುದಾದ ಅಂಕಿ ಇದು, ಇಆರ್‌ಎ ಅಲ್ಲ.

ಎರಡನೇದು, ಎಷ್ಟು ಹೊತ್ತು ನಿಲ್ಲುತ್ತಾನೆ ಅನ್ನುವುದು. ಆ ಫ್ಲಾರಿಡಾ ಪಂದ್ಯ ಬಿಟ್ಟರೆ ಐದು ಸಲ ಶುರು ಮಾಡಿ 27 ಇನಿಂಗ್ಸ್ ಹಾಕಿದ್ದಾನೆ, ಸರಾಸರಿ ಐದಕ್ಕೆ ಮೇಲೆ. ಅವನಿಗೆ ಬಾಲ್ ಸಿಗುತ್ತಿರುವುದು ಶನಿವಾರದ ಎರಡನೇ ಪಂದ್ಯದಲ್ಲಿ, ಅಂದರೆ ನಾನು ಮೇಲೆ ಹೇಳಿದ ಮೂರನೇ ಪಿಚರ್ ಅವನೇ. ಬುಲ್‌ಪೆನ್ ಖಾಲಿಯಾಗಿರುವ ಹೊತ್ತಿನಲ್ಲಿ ಐದಾರು ಇನಿಂಗ್ಸ್ ನಿಂತು ಕೊಡುವವನನ್ನು ಕೋಚ್ ಯಾಕೆ ಬಿಡುತ್ತಾರೆ ಹೇಳಿ? ಒಂದು ಸಣ್ಣ ಅನ್ಯಾಯ ಕೂಡ ಇದೆ ಇಲ್ಲಿ. ಅವನು ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಇಳಿದ ಮೇಲೆ ಬಂದ ರಿಲೀವರ್ ಹಿಟ್ ಕೊಟ್ಟು ಅವರಿಬ್ಬರೂ ಹೋಮ್ ತಲುಪಿ ರನ್ ಮಾಡಿದರೆ, ಆ ರನ್‌ಗಳು ಬೀಳುವುದು ನಿಮ್ಮ ಮಗನ ಲೆಕ್ಕಕ್ಕೇ. ದಣಿದ ಬುಲ್‌ಪೆನ್ ಮುಂದೆ ಆಡುವವನಿಗೆ ಇದು ಜಾಸ್ತಿ ಆಗುತ್ತದೆ. ಅವನ ತೋಳಿನ ಮೇಲೂ ಒಂದು ಕಣ್ಣಿರಲಿ. ಹೈಸ್ಕೂಲಿನಲ್ಲಿ ಪಿಚ್ ಲೆಕ್ಕಕ್ಕೆ ಕಡ್ಡಾಯ ಮಿತಿ ಇರುತ್ತದೆ, ಕಾಲೇಜಿನಲ್ಲಿ ಅದು ಕೋಚ್ ವಿವೇಚನೆಗೆ ಬಿಟ್ಟದ್ದು. ಮೊಣಕೈ ನೋಯುತ್ತಿದೆ ಅಂತ ಅವನು ಬಾಯಿ ಬಿಟ್ಟರೆ ಟೂರ್ನಮೆಂಟ್ ಹತ್ತಿರ ಇದೆ ಅಂತ ಸುಮ್ಮನಿರಿಸಬೇಡಿ. ತಂಡದ ಟ್ರೇನರ್ ಹತ್ತಿರ ಅವತ್ತೇ ಕಳಿಸಿ.

ಕೊನೆಗೆ ಸ್ಟ್ಯಾಂಡಿಂಗ್ಸ್. ಇಲ್ಲಿ ಪಾಯಿಂಟ್ ಇಲ್ಲ, ಗೆಲುವಿನ ಶೇಕಡಾ ಪ್ರಮಾಣವೇ ಎಲ್ಲ. ಮಳೆ, ಹಿಮಕ್ಕೆ ರದ್ದಾದ ಪಂದ್ಯಗಳನ್ನು ಮತ್ತೆ ಆಡಿಸಲು ಎಷ್ಟೋ ಸಲ ದಿನವೇ ಸಿಗುವುದಿಲ್ಲ, ಹಾಗಾಗಿ ಎಲ್ಲರೂ ಅಷ್ಟೇ ಪಂದ್ಯ ಆಡಿರುವುದಿಲ್ಲ. 9–5 ಇರುವ ತಂಡದ ಪ್ರಮಾಣ .643, 10–6 ಇರುವ ತಂಡದ್ದು .625. ಹತ್ತು ಗೆದ್ದವರು ಒಂಬತ್ತು ಗೆದ್ದವರ ಕೆಳಗೆ ಕೂರುತ್ತಾರೆ. ಪಕ್ಕದ ‘ಜಿಬಿ’ ಕಾಲಂ, ಅಂದರೆ ಎಷ್ಟು ಪಂದ್ಯ ಹಿಂದೆ ಅನ್ನುವ ಲೆಕ್ಕ, ಇವರಿಬ್ಬರ ನಡುವೆ ಸೊನ್ನೆ ತೋರಿಸುತ್ತದೆ. ಗೆಲುವಿನ ವ್ಯತ್ಯಾಸ, ಸೋಲಿನ ವ್ಯತ್ಯಾಸ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುವುದರಿಂದ ಹೀಗಾಗುತ್ತದೆ. ಎರಡೂ ಕಾಲಂ ಒಟ್ಟಿಗೆ ನೋಡಬೇಕು.

ಟೂರ್ನಮೆಂಟಿನ ಮೇಲೆ ಇಷ್ಟು ಆಸೆ ಯಾಕೆ ಅಂದರೆ, ಬಹುತೇಕ ಕಾನ್ಫರೆನ್ಸುಗಳಲ್ಲಿ ಅದನ್ನು ಗೆದ್ದವರಿಗೆ ರಾಷ್ಟ್ರೀಯ ಟೂರ್ನಮೆಂಟಿಗೆ ನೇರ ಪ್ರವೇಶ. ಗೆಲ್ಲದವರಿಗೆ ಇರುವ ಕೆಲವೇ ಜಾಗಗಳನ್ನು 2024–25ರಿಂದ ಎನ್‌ಪಿಐ ಅನ್ನುವ ಲೆಕ್ಕದ ಮೇಲೆ ಹಂಚುತ್ತಾರೆ. ಅದರಲ್ಲಿ ಗೆಲುವಿನ ಜೊತೆಗೆ ಎದುರಾಳಿ ಎಷ್ಟು ಗಟ್ಟಿ ಅನ್ನುವುದೂ ಸೇರುತ್ತದೆ. ಆರನೇ ಸ್ಥಾನದವರಿಗೆ ಆ ದಾರಿ ಮುಚ್ಚಿದ ಹಾಗೇ. ನಿಮಗೆ ಉಳಿದಿರುವುದು ನಾಲ್ಕರೊಳಗೆ ಬರುವ ದಾರಿ ಮಾತ್ರ.

ಆ ದಾರಿ ಇದೆ. ನೀವೀಗ ನಾಲ್ಕನೇ ತಂಡಕ್ಕಿಂತ ಎರಡು ಪಂದ್ಯ ಹಿಂದಿದ್ದೀರಿ, ಈ ವೀಕೆಂಡ್ ಆಡುತ್ತಿರುವುದು ಅವರ ಜೊತೆಗೇ. ಮೂರೂ ಗೆದ್ದರೆ ಅವರನ್ನು ಒಂದು ಪಂದ್ಯದಿಂದ ದಾಟುತ್ತೀರಿ. ಎರಡು ಗೆದ್ದು ಒಂದು ಸೋತರೆ ಒಂದು ಪಂದ್ಯ ಹಿಂದೆ ಉಳಿಯುತ್ತೀರಿ. ಆದರೆ ಕೊನೆಯ ವಾರ ಸಮ ಆದರೆ ಸಾಮಾನ್ಯವಾಗಿ ಪರಸ್ಪರ ಆಡಿದ ಫಲಿತಾಂಶವನ್ನೇ ಮೊದಲು ನೋಡುತ್ತಾರೆ, ಅದು ನಿಮ್ಮ ಕಡೆ ಇರುತ್ತದೆ. ನಿಮ್ಮ ಕಾನ್ಫರೆನ್ಸಿನ ನಿಯಮವೂ ಹಾಗೇ ಇದೆಯಾ ಅಂತ ಒಮ್ಮೆ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಒಂದೇ ಗೆದ್ದರೆ ಮೂರು ಪಂದ್ಯ ಹಿಂದೆ ಬೀಳುತ್ತೀರಿ, ಆಗ ಕಷ್ಟ. ಮಧ್ಯೆ ಐದನೇ ತಂಡವೂ ಇದೆ, ಅವರ ಫಲಿತಾಂಶವನ್ನೂ ಗಮನಿಸುತ್ತಿರಿ. ಶುಕ್ರವಾರ ನಿಮ್ಮ ಏಸ್ ಎದುರು ಅವರೂ ಏಸನ್ನೇ ಇಳಿಸುತ್ತಾರೆ, ಆ ಪಂದ್ಯ ಯಾವ ಕಡೆಗೂ ಹೋಗಬಹುದು. ಅವರ ಹಾಳೆಯನ್ನೂ ತೆಗೆದು ನೋಡಿದೆ. ಅವರ ಮೂರನೇ ಪಿಚರ್ 19 ಇನಿಂಗ್ಸಿನಲ್ಲಿ 17 ವಾಕ್ ಕೊಟ್ಟಿದ್ದಾನೆ. ಶನಿವಾರದ ಎರಡನೇ ಪಂದ್ಯಕ್ಕೆ ಜಾಕೆಟ್ ತೆಗೆದುಕೊಂಡು ಹೋಗಿ, ಕೊನೆಯವರೆಗೂ ಕೂತು ನೋಡಿ.